ಗಾಜಿನ ಪೆಟಗಿಯೊಳಗಿನ ಎರಡು ಸಾವಿರ ಪುಸ್ತಕ

ಶಹಾಪುರದ ಜ್ಞಾನರಕ್ಷಕ ವಾಚನಾಲಯದಾಗ ಮೂವತ್ತು ವರ್ಷದಾಗ ಒಂದೂ ಪುಸ್ತಕ ಹರಿದಿಲ್ಲ. ಯಾಕಂದ್ರ ಒಂದೂ ಕಪಾಟ ಬಿಟ್ಟು ಹೊರಗ ಬಂದಿಲ್ಲ. ಕಪಾಟಿನ ಕೀಲಿ ಅಧ್ಯಕ್ಷ ಅಯ್ಯಪ್ಪನವರ ಉಡದಾರದಾಗ ಇರತದ.

ಅಲ್ಲಿ ಕಸ ಹೊಡೆಯೋ ಕೆಲಸಕ್ಕಿದ್ದ ಅಬ್ರಾರಣ್ಣ ಈ ಶಿಸ್ತು ಕೆಡಿಸಿದ. ಧೂಳ ಒರಸತೀನಿ ಅಂತ ಕಪಾಟ ತೆರಸಿ, ಹಾಳಿ ಹಾಳಿ ಮೊಬೈಲಿನಾಗ ಫೋಟೋ ಹೊಡೆದು, ಎಲ್ಲಾ ಒಂದು ಹಾರ್ಡ್‌ಡಿಸ್ಕಿನಾಗ ತುಂಬಿ, ಕೇಳಿದವರಿಗೆ ಅದರಾಗಿಂದ ಒಂದೊಂದು ಪುಸ್ತಕ ಇಳಿಸಿ ಪುಕ್ಕಟ ಕೊಟ್ಟ. ನಮ್ಮ ದೋರನಹಳ್ಳಿತನಕ ಬಂದು ನನಗೂ ಕೊಟ್ಟಿದ್ದ. ನಾ ಓದಿದ ಮೊದಲನೇ ಕಾದಂಬರಿ ಅದರಾಗಿಂದು. ಹಾಳಿ ತುದಿಗೆಲ್ಲ ಅವನ ಹೆಬ್ಬೆಟ್ಟು ಕಾಣತಿತ್ತು.

ಕಮಿಟಿಯವರು ಕಳುವಿನ ಕೇಸ್ ಹಾಕಿದರು. ಎಣಿಸಿದರ ಪುಸ್ತಕ ಎಲ್ಲಾ ಅಲ್ಲೇ ಅದಾವ. ಮತ್ತ ಕಳುವಾದದ್ದೇನು ಅಂತ ಕಾರ್ಯದರ್ಶಿ ಅಮೃತಮ್ಮನವರು ಕೇಳಿದರು.

"ಒಳಗಿಂದು ಹೋಗೇದ್ರಿ," ಅಂದರು ಅಯ್ಯಪ್ಪನವರು.

ಒಳಗಿಂದು ಎಷ್ಟು ಹೋಗೇದ ಅಂತ ನೋಡಾಕ, ಹತ್ತಿ ತೂಗೋ ಅಡತಿ ಅಂಗಡಿಯಿಂದ ತಕ್ಕಡಿ ತರಿಸಿದರು. ಪುಸ್ತಕ ಮೊದಲ ಬಂದಾಗಿನ ಪಾರ್ಸಲ್ ಚೀಟಿ ಹುಡುಕಿ, ತೂಗಿ, ತಾಳೆ ನೋಡಿದರು. ಎರಡು ಕಿಲೋ ಹೆಚ್ಚು ಬಂತು. ಅದು ಗೆದ್ದಲ ಮಣ್ಣು. ಕಮಿಟಿ ಠರಾವಿನಾಗ ಬರೆದದ್ದು ಹಿಂಗ: "ಕಳುವಿನ ನಂತರವೂ ತೂಕ ಕಡಿಮೆಯಾಗದಿರುವುದರಿಂದ, ಆರೋಪಿಯು ಸದರಿ ಪುಸ್ತಕಗಳಲ್ಲಿ ಬೇರೇನನ್ನೋ ತುಂಬಿ ವಂಚಿಸಿರುವುದು ರುಜುವಾತಾಗಿದೆ."

ಡಿಸ್ಕ್ ಜಪ್ತಿ ಆಯ್ತು. ಅಬ್ರಾರಣ್ಣ ಎರಡು ವರ್ಷ ಯಾದಗಿರಿ ಕೋರ್ಟಿಗೆ ತಿರುಗಿದ. ಮೂರನೇ ವರ್ಷ ಕಾಮಣಿ ರೋಗ ಆಗಿ ತೀರಿಕೊಂಡ. ಇಪ್ಪತ್ತಾರು ವಯಸ್ಸು. ಕೇಸ್ ಮುಗೀತು, ಕಳುವಿನ ಮಾಲು ಅಂತ ಡಿಸ್ಕ್ ವಾಚನಾಲಯಕ್ಕ ಬಂತು.

ಅವನ ಮಣ್ಣು ಮಾಡಾಕ ಸುರಪುರದಿಂದ, ನಾರಾಯಣಪುರದಿಂದ ಎಲ್ಲಾ ಓದೋ ಹುಡುಗರು ಬಂದಿದ್ದರು. ಅಷ್ಟು ಮಂದಿ ನೋಡಿದ ಮ್ಯಾಲ ಅಬ್ರಾರಣ್ಣ ತಮ್ಮವನೇ ಅಂತ ಕಮಿಟಿಗೆ ಖಾತ್ರಿ ಆಯ್ತು. ಶ್ರದ್ಧಾಂಜಲಿ ಸಭಾ ಕರೆದರು. 'ಜ್ಞಾನದಾಸೋಹಿ' ಅಂತ ಬ್ಯಾನರ್ ಕಟ್ಟಿಸಿದರು. ಅಯ್ಯಪ್ಪನವರು ಭಾಷಣದ ನಡುವ ಅತ್ತರು. ಖರೇನೇ ಅತ್ತರು, ನಾ ಮುಂದಿನ ಸಾಲಿನಾಗೇ ಕುಂತಿದ್ದೆ.

ಅಬ್ರಾರಣ್ಣನ ತಂಗಿ ಮುಬೀನಾ ಎದ್ದು ನಿಂತಳು.

"ಅಳಬ್ಯಾಡ್ರಿ ಕಾಕಾ. ಆ ಡಿಸ್ಕ್ ಕೊಡ್ರಿ. ಅಣ್ಣನ ಮೊಬೈಲ್ ಕೆಟ್ಟದ, ಪುಸ್ತಕ ಎಲ್ಲಾ ಈಗ ಡಿಸ್ಕಿನಾಗೇ ಅದಾವ. ಹುಡುಗರ ಪರೀಕ್ಷಾ ಬಂತು, ನಾ ಹಂಚತೀನಿ."

"ಅದು ಈಗ ಬರೇ ಡಿಸ್ಕ್ ಅಲ್ಲವ್ವ. ಸ್ಮಾರಕ ಆಗೇದ."

"ಒಂದು ತಾಸು ಕೊಡ್ರಿ ಸಾಕು. ಇಳಿಸಿಕೊಂಡು ತಿರುಗಿ ತರತೀನಿ. ನಿಮ್ಮದು ನಿಮ್ಮ ಹಂತ್ಯಾಕೇ ಇರತದ."

"ನಿಮ್ಮಣ್ಣನೂ ಹಿಂಗೇ ಅಂತಿದ್ದ," ಅಂದು ಅಯ್ಯಪ್ಪನವರು ಮತ್ತ ಕಣ್ಣು ಒರಸಿಕೊಂಡರು.

ಸಭಾ ಎರಡು ನಿಮಿಷ ಮೌನ ಆಚರಿಸಿ, ಡಿಸ್ಕಿಗೆ ಗಾಜಿನ ಪೆಟಗಿ ಮಂಜೂರು ಮಾಡ್ತು. ಪೆಟಗಿ ಮ್ಯಾಲ ಫಲಕ: "ಇದರೊಳಗೆ ಎರಡು ಸಾವಿರ ಪುಸ್ತಕಗಳಿವೆ. ದರ್ಶನ ಉಚಿತ. ಸ್ಪರ್ಶ, ಜೋಡಣೆ, ನಕಲು ನಿಷೇಧಿಸಲಾಗಿದೆ. ಒಬ್ಬರಿಗೆ ಒಂದು ನಿಮಿಷ."

ಈಗ ಪರೀಕ್ಷಾ ದಿನದಾಗ ಬಾಗಲಾ ದಾಟಿ ಬಸ್‌ಸ್ಟ್ಯಾಂಡಿನತನಕ ಪಾಳಿ ಇರತದ. ಮಂದಿ ಬಂದು, ಗಾಜಿಗೆ ಹಣಿ ಹಚ್ಚಿ, ಒಂದು ನಿಮಿಷ ನೋಡಿ ಹೋಗತಾರ. ಹೋದ ಸೋಮವಾರ ನನ್ನ ಮುಂದ ಮುಬೀನಾ ನಿಂತಿದ್ದಳು. ಸ್ವಂತ ತಂಗಿ ಅಂತ ಅಮೃತಮ್ಮನವರು ಆಕಿಗೆ ಎರಡು ನಿಮಿಷ ಮಂಜೂರು ಮಾಡಿದರು. ಒಂದು ನಿಮಿಷ ಆಗೋದ್ರಾಗೇ ನನ್ನ ಹಿಂದಿನ ಹುಡುಗ ಅಂದ:

"ಲಗೂ ಸರೀರಿ ಅಕ್ಕಾ, ನಾವೂ ಓದೋರು ಅದೀವಿ."

ಮುಬೀನಾ ಸರಿದಳು. ನಾ ಮುಂದ ಹೋಗಿ ನಿಂತೆ.