ಅಜ್ಜನ ಫೋಟೊದ ಹಕ್ಕುದಾರರು

ಧೈರ್ಯ ವಂಶಪಾರಂಪರ್ಯವಾಗಿ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ನಾನು ಕೋರ್ಟು ಎಂಬ ಮಾತು ಕಿವಿಗೆ ಬಿದ್ದರೇ ಬೆವರುವವನು. ಕುಷ್ಟಗಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಪ್ರತಿ ವರ್ಷ ಗಿರಾಕಿಗಳಿಗೆ ದೇವರ ಚಿತ್ರದ ಕ್ಯಾಲೆಂಡರ್ ಹಂಚುತ್ತೇನೆ. ಹೋದ ಸಲ ದೇವರ ಬದಲು ಅಜ್ಜ ಇರಲಿ ಎನ್ನಿಸಿತು. ಯುದ್ಧಕ್ಕೆ ಹೊರಡುವ ಮುಂಚೆ ಹೈದರಾಬಾದಿನ ಸ್ಟುಡಿಯೋದಲ್ಲಿ ಖಾಕಿ ತೊಟ್ಟು ತೆಗೆಸಿದ ಅವರ ಫೋಟೊ ನಮ್ಮ ದೇವರ ಜಗಲಿಯ ಮೇಲಿದೆ. ಅವ್ವ ಮಠಕ್ಕೆ ಹೋದಾಗ ಅದನ್ನು ಮೊಬೈಲಿನಲ್ಲಿ ಹಿಡಿದೆ. ಗಾಜಿನ ಮೇಲೆ ಅವಳು ಬಳಿದ ವಿಭೂತಿಯೂ ಜೊತೆಗೇ ಬಂತು. ಅಚ್ಚಾದ ಮೇಲೆ ಅಜ್ಜ ಸಿಪಾಯಿಯೋ ಸ್ವಾಮಿಗಳೋ ತಿಳಿಯದಂತಾದರು.

ಕ್ಯಾಲೆಂಡರಿನ ಕಟ್ಟುಗಳು ಅಂಗಡಿಗೆ ಬಂದ ದಿನವೇ ತಾವರಗೇರಾದ ಬೀಗರು ಬಂದರು. ‘ಅಲ್ರೀ ಬೀಗರ, ತಳಗ ಸ್ಟುಡಿಯೋ ಹೆಸರು ಐತಲ್ರಿ! ಕಾಪಿರೈಟ್ ತೆಗೆದವರದು ಇರತೈತಿ. ಕೇಸ್ ಹಾಕಿದ್ರ ಅಂಗಡಿಗೆ ಕೀಲಿ ಬೀಳತೈತಿ ನೋಡ್ರಿ’ ಎಂದು ಚಹಾ ಕುಡಿದು ಎದ್ದು ಹೋದರು. ಕಟ್ಟುಗಳನ್ನು ಗೊಬ್ಬರದ ಚೀಲಗಳ ಹಿಂದೆ ಬಚ್ಚಿಟ್ಟು ಕೊಪ್ಪಳದ ವಕೀಲರ ಬಳಿಗೆ ಓಡಿದೆ. ಅವರು ನಕ್ಕುಬಿಟ್ಟರು. ‘ಅಷ್ಟು ಹಳೇ ಫೋಟೊದ ಹಕ್ಕು ಎಂದೋ ಮುಗಿದೈತ್ರಿ. ಆರಾಮ ಹಂಚ್ರಿ.’ ಅಬ್ಬಾ! ಹೋದ ಜೀವ ಬಂದಂತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಬಿಸಿ ಮಿರ್ಚಿ ತಿಂದೆ. ಕಟ್ಟಿಕೊಟ್ಟಿದ್ದು ಯಾವುದೋ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ.

ಮನೆಗೆ ಬಂದು ಎಲ್ಲ ಹೇಳಿದಾಗ ಅವ್ವ ಸಿಡಿದಳು. ‘ಸ್ಟುಡಿಯೋದವರ ಹಕ್ಕು ಮುಗಿದಿರಬೇಕು. ಮಾವಾರಿಗೆ ದಿನಾ ವಿಭೂತಿ ಹಚ್ಚಾಕಿ ನಾನು, ನನ್ನ ಕೇಳಿದೇನು? ವರ್ಷ ಮುಗಿದ ಮ್ಯಾಲೆ ಮಂದಿ ಅವರೊಳಗ ಮಿರ್ಚಿ ಕಟ್ತಾರ!’

ಬಸ್‌ಸ್ಟ್ಯಾಂಡಿನಲ್ಲಿ ನನಗೆ ಮಿರ್ಚಿ ಕಟ್ಟಿಕೊಟ್ಟ ಹಾಳೆ ನೆನಪಾಯಿತು. ಕೊನೆಗೊಂದು ರಾಜಿಯಾಯಿತು: ಹಂಚಬಹುದು, ವರ್ಷ ಮುಗಿಯುತ್ತಲೇ ಒಂದೂ ಬಿಡದೆ ಮರಳಿ ತರಬೇಕು.

ಮೊನ್ನೆ ಖಾಲಿ ಚೀಲ ಹಿಡಿದು ಯಲಬುರ್ಗಾಕ್ಕೆ ಹೋದೆ. ಮೊದಲ ಗಿರಾಕಿಯ ಮನೆಯಲ್ಲೇ ಅಜ್ಜ ಕಾಣಿಸಿದರು. ದಿನಾಂಕಗಳನ್ನು ಕತ್ತರಿಸಿ ತೆಗೆದು, ಚೌಕಟ್ಟು ಹಾಕಿಸಿ, ದೇವರ ಜಗಲಿಯ ಮೇಲೆ ಕೂರಿಸಿದ್ದರು. ಹಣೆಯ ಮೇಲೆ ಹಸಿ ವಿಭೂತಿ. ನಾನು ಬಂದ ಕೆಲಸ ಹೇಳಿದೆ.

ಆ ಮನೆಯ ಮುದುಕಿ ಸೆರಗು ಸಿಕ್ಕಿಸಿ ಎದ್ದು ನಿಂತಳು. ‘ಯಾವ ಮಠದ ಅಜ್ಜಾರೋ ಏನೋ, ದಿನಾ ವಿಭೂತಿ ಹಚ್ಚಾಕಿ ನಾನು. ಕೊಡಾಂಗಿಲ್ಲ, ಹೋಗ್ರಿ.’

ಅಜ್ಜ ಯಾರ ಮಿರ್ಚಿಗೂ ಸಿಗುವುದಿಲ್ಲವೆಂದು ಮನಸ್ಸು ಹಗುರವಾಯಿತು, ನಿಜ. ಆದರೆ ಈ ಹೊಸ ಹಕ್ಕುದಾರಳ ಸುದ್ದಿಯನ್ನು ಹಳೆಯ ಹಕ್ಕುದಾರಳಿಗೆ ಹೇಳುವುದು ಹೇಗೆ? ಚೀಲ ಮಡಚಿ ಬಗಲಲ್ಲಿಟ್ಟುಕೊಂಡು, ಬೆವರುತ್ತಲೇ ಕುಷ್ಟಗಿಯ ಬಸ್ಸು ಹತ್ತಿದೆ.