ತೆಗೆಯಬಾರದ ಬಾಗಿಲು

ನಾಟಕ ಎಂದಮೇಲೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಒಂದೇ ನಾಟಕಕ್ಕೆ, ಒಂದೇ ಬಾಗಿಲಿಗೆ ಎಲ್ಲವೂ ಆಗಬೇಕೆ? ನಾನು ಇದುವರೆಗೆ ಕಚೇರಿಯ ಟಿಪ್ಪಣಿ ಬಿಟ್ಟು ಬೇರೇನೂ ಬರೆದವನಲ್ಲ. ಆದ್ದರಿಂದ ಯಾರಿಗೂ ಗೊಂದಲವಾಗದಂತೆ ಮೊದಲಿನಿಂದ ಹೇಳುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದೇನೆ. ಇಲ್ಲಿ ನಮ್ಮದೊಂದು ಕನ್ನಡಿಗರ ಸಂಘವಿದೆ. ಅದರ ವಾರ್ಷಿಕೋತ್ಸವಕ್ಕೆ ಒಂದು ಕಾದಂಬರಿಯನ್ನು ನಾಟಕ ಮಾಡಿಕೊಡುತ್ತೇನೆಂದು ನಾನಾಗಿಯೇ ಹೇಳಿದೆ. ಯಾರೂ ಕೇಳಿರಲಿಲ್ಲ. ಕಾದಂಬರಿ ಕಷ್ಟದ್ದು, ನವ್ಯದ ಕಾಲದ್ದು. ಕಥೆ ಇಷ್ಟೇ: ಒಬ್ಬ ಮನುಷ್ಯ ಕೋಣೆಯಲ್ಲಿ ಕೂತಿದ್ದಾನೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಾರೆ. ಮುನ್ನೂರು ಪುಟ ಬಡಿಯುತ್ತಾರೆ. ಅವನು ತೆಗೆಯುವುದಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಇದನ್ನು ಓದಿ ಮೂರು ದಿನ ನನಗೆ ಊಟ ಸೇರಿರಲಿಲ್ಲ.

ಲೇಖಕರು ಈಗಿಲ್ಲ. ಅವರ ಮಗಳು ಮೈಸೂರಿನಲ್ಲಿದ್ದಾರೆ, ಎಪ್ಪತ್ತು ದಾಟಿದವರು. ಫೋನ್ ಮಾಡಿ ಅನುಮತಿ ಕೇಳಿದೆ. “ಏನು ಬೇಕಾದ್ರೂ ಮಾಡ್ಕೊಳ್ಳಿ. ಬಾಗಿಲು ಮಾತ್ರ ತೆಗೀಬೇಡಿ. ಅಪ್ಪ ಹೋಗೋ ಮುಂಚೆ ಹೇಳಿದ್ದು ಅದೊಂದೇ. ನಾನೇ ಬಂದು ನೋಡ್ತೀನಿ” ಎಂದರು. ನಾನು ಮಾತು ಕೊಟ್ಟೆ. ಮುಂದಿನ ಸಿಟ್ಟೆಲ್ಲ ಹುಟ್ಟಿದ್ದು ಆ ಮಾತಿನಿಂದಲೇ.

ಒಬ್ಬನೇ ಇರುವ ನಾಟಕ

ಸಂಘದ ಕಾರ್ಯದರ್ಶಿಗಳ ಮುಂದೆ ನಾಟಕ ಓದಿದೆ. ಅವರು ನಿವೃತ್ತ ಬ್ಯಾಂಕ್ ಅಧಿಕಾರಿ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ತೆರೆಯಲಿಲ್ಲ. ನಾನು ಕೆಮ್ಮಿದೆ.

“ಪಾತ್ರ ಒಂದೇನಾ ಸಾರ್?”

“ಒಂದೇ. ಒಂಟಿತನ ಅನ್ನುವುದೇ ಇದರ ವಸ್ತು. ಹೇಗೆಂದರೆ...”

“ಒಂಟಿತನ ಸರಿ. ಆದ್ರೆ ನಮ್ಮಲ್ಲಿ ಮನೆಗೊಬ್ಬರು ಸ್ಟೇಜ್ ಹತ್ತಲೇಬೇಕು. ಸಂಘ ಶುರುವಾದಾಗಿನಿಂದ ನಡ್ಕೊಂಡು ಬಂದಿರೋ ಪದ್ಧತಿ. ಹಾಡು, ಡ್ಯಾನ್ಸು ಅಂತ ಉಳಿದವರನ್ನ ಸೇರಿಸಿದೀನಿ. ಇನ್ನೂ ಹದಿನಾಲ್ಕು ಮಕ್ಕಳು ಬಾಕಿ ಇದಾರೆ.”

ವೇದಿಕೆಯ ಮೇಲೆ ಒಬ್ಬನಿಗಿಂತ ಹೆಚ್ಚು ಜನ ಕಂಡರೆ ಕಾದಂಬರಿಯೇ ಸತ್ತಂತೆ ಎಂದು ನಾನು ಮುಕ್ಕಾಲು ಗಂಟೆ ವಾದ ಮಾಡಿದೆ. ಅವರು ಎರಡು ಸಲ ಚಹಾ ತರಿಸಿದರು. ಕೊನೆಗೆ ಹದಿನಾಲ್ಕೂ ಮಕ್ಕಳು ಬಾಗಿಲ ಹಿಂದೆ ನಿಂತು ಬಡಿಯುವುದು, ಯಾರೂ ಕಾಣಿಸಿಕೊಳ್ಳದಿರುವುದು ಎಂದು ತೀರ್ಮಾನವಾಯಿತು. ಏಳುವಾಗ ನಾನು ಸ್ವಲ್ಪ ಜೋರಾಗಿಯೇ, “ಒಬ್ಬನ ನಾಟಕಕ್ಕೆ ಹದಿನೈದು ಜನ ಅಂದರೆ ಕೇಳಿದವರು ನಗುತ್ತಾರೆ” ಎಂದೆ.

“ಯಾಕೆ ನಗ್ತಾರೆ? ಹೋದ ವರ್ಷ ಏಕಪಾತ್ರಾಭಿನಯ ಇಟ್ಟಿದ್ವಿ. ಅದರಲ್ಲೂ ಒಂಬತ್ತು ಜನಕ್ಕೆ ಅವಕಾಶ ಮಾಡ್ಕೊಟ್ವಿ.”

ಬಡಿತದ ಅರ್ಥ

ಆ ಬಡಿತ ಏನು ಎಂಬ ಬಗ್ಗೆ ನಾನು ಏಳು ಪುಟದ ಟಿಪ್ಪಣಿ ಬರೆದಿದ್ದೆ. ಅದು ಸಾವು ಇರಬಹುದು, ಆತ್ಮಸಾಕ್ಷಿ ಇರಬಹುದು, ಸಮಾಜ ಇರಬಹುದು, ದೇವರೇ ಇರಬಹುದು. ಇದನ್ನು ತಿಳಿಯದೆ ಬಡಿದರೆ ಬರೀ ಸದ್ದಾಗುತ್ತದೆ. ಆದ್ದರಿಂದ ಮಕ್ಕಳನ್ನು ಎರಡು ಸಾಲಿನಲ್ಲಿ ಕೂರಿಸಿ ಪೂರ್ತಿ ಓದಿ ಹೇಳಿದೆ. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತದೆ.

ಒಂಬತ್ತು ವರ್ಷದ ಒಬ್ಬಳು ಕೈ ಎತ್ತಿದಳು. “ಅಂಕಲ್, ಬಟ್ ಹೂ ಈಸ್ ನಾಕಿಂಗ್?”

ಮತ್ತೆ ಮೊದಲಿನಿಂದ ಹೇಳಿದೆ. ಅದೂ ಸಾಲದೆಂದು ಪ್ರತಿ ಮಗುವಿಗೂ ಒಂದೊಂದು ಅರ್ಥ ಹಂಚಿದೆ. ನೀನು ಸಾವು, ನೀನು ಕಾಲ, ನೀನು ಪಶ್ಚಾತ್ತಾಪ, ಹೀಗೆ. ಅವರವರ ಅರ್ಥದಂತೆ ಬಡಿಯಬೇಕು.

ಮರುದಿನ ಬೆಳಗ್ಗೆ ನಾನು ಕಚೇರಿಗೆ ಆಟೋ ಹತ್ತುವಾಗ ಒಬ್ಬ ತಾಯಿಯ ಫೋನ್ ಬಂತು. “ಪಕ್ಕದ ಫ್ಲ್ಯಾಟ್ ಹುಡುಗಿಗೆ ಸಾವು ಕೊಟ್ಟಿದೀರಂತೆ. ನಮ್ಮವಳಿಗೆ ಬರೀ ಪಶ್ಚಾತ್ತಾಪನಾ ಸಾರ್? ಅದೂ ಹಿಂದಿನ ಸಾಲಲ್ಲಿ?”

ಬಂದವರನ್ನು ನಿಲ್ಲಿಸದ ಮನುಷ್ಯ

ನಾಯಕನ ಪಾತ್ರಕ್ಕೆ ಸಿಕ್ಕವರು ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದಾರೆ. ಅವರ ಚಿಕ್ಕ ಮಗಳು ಬಡಿಯುವ ಮಕ್ಕಳಲ್ಲಿ ಒಬ್ಬಳು. ಕಂಚಿನ ಕಂಠ, ನೆನಪಿನ ಶಕ್ತಿಯೂ ಚೆನ್ನಾಗಿದೆ. ತೊಂದರೆ ಏನೆಂದರೆ ಅವರು ಒಳ್ಳೆಯ ಮನುಷ್ಯರು.

ಮೊದಲ ತಾಲೀಮಿನಲ್ಲಿ ಬಡಿತ ಕೇಳಿತು. ಅವರು ಕುರ್ಚಿಯಿಂದ ಎದ್ದು, “ಬಂದೆ, ಬಂದೆ, ತಡೀರಿ” ಎಂದರು.

ಹಾಗೆನ್ನಬಾರದು, ನಾಯಕನಿಗೆ ಆ ಬಡಿತ ಕಂಡರೆ ದಿಗಿಲು ಎಂದು ವಿವರಿಸಿದೆ. ತಲೆಯಾಡಿಸಿದರು. ಎರಡನೇ ಸಲ ಎದ್ದರು, ಅರ್ಧ ದಾರಿಯಲ್ಲಿ ನೆನಪಾಗಿ ವಾಪಸ್ಸು ಬಂದು ಕೂತರು. ಮೂರನೇ ಸಲ ಕೂತಲ್ಲಿಂದಲೇ, “ಬಾಗಿಲಾ ತೆಗದೇ ಐತಿ, ದೂಡ್ರಿ” ಎಂದುಬಿಟ್ಟರು. ನಾನು ನಾಟಕದ ಹಾಳೆಗಳನ್ನು ನೆಲಕ್ಕೆ ಎಸೆದೆ. ಅವರೇ ಆರಿಸಿಕೊಟ್ಟರು.

“ಏನ್ ಮಾಡ್ಲಿರೀ ಸರ? ಬಾಗಿಲಿಗೆ ಬಂದವ್ರನ್ನ ನಿಲ್ಲಿಸಿದ್ರ ನಮ್ಮವ್ವ ನನಗ ಊಟಾನ ಹಾಕ್ತಿದ್ದಿಲ್ಲ.”

ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡೆ: ಪ್ರದರ್ಶನದ ದಿನ ಏನೇ ಆದರೂ ಕುರ್ಚಿ ಬಿಟ್ಟು ಏಳಬಾರದು. ಏಳುವುದಿಲ್ಲ ಎಂದರು. ಆಮೇಲೆ ಮೆಲ್ಲಗೆ, “ಕೂತಲ್ಲಿಂದನ ಒಂದ್ ಮಾತು, ‘ಚಹಾ ಕುಡೀತೀರೇನು’ ಅಂತ ಕೇಳಬಹುದಲ್ರೀ?” ಎಂದರು.

ಪೆಂಡಾಲಿನ ಬಡಗಿ

ರಂಗಸಜ್ಜಿಕೆಗೆ ಒಬ್ಬ ಬಂಗಾಳಿ ಬಡಗಿಯನ್ನು ಕರೆಸಿದೆ. ದುರ್ಗಾಪೂಜೆಗೆ ದೊಡ್ಡ ದೊಡ್ಡ ಪೆಂಡಾಲ್ ಕಟ್ಟುವವನು. ಬಟ್ಟೆ, ಬಿದಿರಿನಲ್ಲಿ ಅರಮನೆ ಎಬ್ಬಿಸಿ ನಿಲ್ಲಿಸಿದವನು. ನಮ್ಮ ಬಾಡಿಗೆ ಸಭಾಂಗಣದ ವೇದಿಕೆಗೆ ಈ ತುದಿಯಿಂದ ಆ ತುದಿಗೆ ಪ್ಲೈವುಡ್ ಗೋಡೆ ನಿಲ್ಲಿಸಿದ. ಗೋಡೆಯ ಹಿಂದೆ ಮಕ್ಕಳಿಗೆ ಮೂರಡಿ ಜಾಗ, ನಡುವೆ ಬಾಗಿಲು. ಹೂಬಳ್ಳಿ ಕೆತ್ತಿದ ಸೊಗಸಾದ ಬಾಗಿಲು. ಕೊನೆಯ ತಾಲೀಮಿನಲ್ಲಿ ಹದಿನಾಲ್ಕು ಮಕ್ಕಳು ಒಮ್ಮೆ ಬಡಿದರು. ಬಾಗಿಲು ಹಾರುಹೊಡೆಯಿತು. ಸಾವು ಮುಂದಕ್ಕೆ ಮುಗ್ಗರಿಸಿ ನಾಯಕನ ತೊಡೆಯ ಮೇಲೆ ಬಿತ್ತು.

ಚಿಲಕ ಎಲ್ಲಿ ಎಂದು ಕೂಗಿದೆ. ಬಡಗಿ ನನ್ನನ್ನು ವಿಚಿತ್ರವಾಗಿ ನೋಡಿದ. ಅವನು ಕಟ್ಟಿದ ಯಾವ ಬಾಗಿಲಿಗೂ ಚಿಲಕ ಇರಲಿಲ್ಲವಂತೆ. ದೇವಿಯನ್ನು ನೋಡಲು ಊರಿಗೆ ಊರೇ ಬರುವಾಗ ಬಾಗಿಲು ಮುಚ್ಚುವವರು ಯಾರು?

ಈ ಬಾಗಿಲು ನಾಟಕ ಮುಗಿದರೂ ತೆರೆಯಬಾರದು ಎಂದು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

“ತೆರೆಯೋದೇ ಇಲ್ಲ ಅಂದ್ರೆ ಅದು ಗೋಡೆ, ದಾದಾ. ಮೊದಲೇ ಹೇಳಿದ್ರೆ ಅರ್ಧ ದಿನದಲ್ಲಿ ಮುಗಿಸ್ತಿದ್ದೆ.”

ಹದಿನಾಲ್ಕು ಆತಂಕಗಳು

ಪ್ರದರ್ಶನದ ಸಂಜೆ ಲೇಖಕರ ಮಗಳು ಮುಂದಿನ ಸಾಲಿನಲ್ಲಿ ಬಂದು ಕೂತರು. ಅವರನ್ನು ಕಂಡದ್ದೇ ಕೊಟ್ಟ ಮಾತು ನೆನಪಾಯಿತು. ಬಾಗಿಲಿನ ಮೇಲೆ ನನಗೆ ನಂಬಿಕೆ ಇರಲಿಲ್ಲ, ಮಕ್ಕಳ ಮೇಲೂ ಇರಲಿಲ್ಲ. ಮಕ್ಕಳೆಲ್ಲ ಹಿಂದೆ ಹೋಗಿ ನಿಂತ ಕೂಡಲೇ ಬಡಗಿಯನ್ನು ಕರೆದು ಬಾಗಿಲಿಗೆ ಮೊಳೆ ಹೊಡೆಸಿದೆ. ಎರಡು ಸಾಕು ಎಂದ. ಆರು ಹೊಡೆಸಿದೆ. ಈಗ ಯಾರು ತೆಗೆಯುತ್ತಾರೋ ನೋಡೋಣ ಎಂದುಕೊಂಡೆ.

ಇಲ್ಲಿ ಎರಡು ಸಂಗತಿ ಹೇಳಬೇಕು. ಒಂದು, ಗೋಡೆಯ ಹಿಂದಿನಿಂದ ಹೊರಬರಲು ಆ ಬಾಗಿಲು ಬಿಟ್ಟರೆ ದಾರಿ ಇರಲಿಲ್ಲ. ಎರಡು, ಸೆಕೆ ಎಂದು ಕಾರ್ಯದರ್ಶಿಗಳು ಮಕ್ಕಳಿಗೆಲ್ಲ ನಾಟಕಕ್ಕೆ ಮುಂಚೆ ಎರಡೆರಡು ಲೋಟ ಪಾನಕ ಕುಡಿಸಿದ್ದರು. ಮೊದಲನೆಯದು ನನ್ನ ತಪ್ಪು. ಎರಡನೆಯದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅರ್ಧ ಗಂಟೆ ನಾಟಕ ಅದ್ಭುತವಾಗಿ ಹೋಯಿತು. ಆಮೇಲೆ ಬಡಿತ ಜೋರಾಯಿತು. ಯಾವ ತಾಲೀಮಿನಲ್ಲೂ ಅಂಥ ತೀವ್ರತೆ ಬಂದಿರಲಿಲ್ಲ. ಕೊನೆಗೂ ನನ್ನ ಏಳು ಪುಟ ಇವರಿಗೆ ಅರ್ಥವಾಯಿತು ಎಂದು ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಿಂದಿನಿಂದ, “ಅಂಕಲ್, ದರ್ವಾಜಾ ಖೋಲೋ” ಎಂಬ ಕೂಗು. ಇದು ನಾನು ಬರೆದದ್ದಲ್ಲ. ಜಾದವ್‌ಪುರ ವಿಶ್ವವಿದ್ಯಾಲಯದಿಂದ ಬಂದಿದ್ದ ಇಬ್ಬರು ಸಂಶೋಧಕರು ಚಪ್ಪಾಳೆ ತಟ್ಟಿದರು.

“ಪಪ್ಪಾ, ಸುಸು.” ಇದು ನಾಯಕರ ಮಗಳು.

ಆ ಮನುಷ್ಯ ಕುರ್ಚಿಯ ಎರಡೂ ಕೈ ಹಿಡಿದು, ಆಣೆ ನೆನೆಸಿಕೊಂಡು, ಕಣ್ಣೀರು ಸುರಿಸುತ್ತ ನನ್ನ ಕಡೆ ನೋಡಿದರು. ನಾನು ಪಕ್ಕದಿಂದ ಬೆರಳೆತ್ತಿ ‘ಕೂಡದು’ ಎಂದೆ. ಹೌದು, ಎಂದೆ. ಸುಳ್ಳು ಬರೆಯುವುದಿಲ್ಲ. ತಾಯಂದಿರು ಎದ್ದುನಿಂತರು. ಅವರಿಗಿಂತ ಮೊದಲು ವೇದಿಕೆ ಹತ್ತಿದವರು ಲೇಖಕರ ಮಗಳು.

“ಬಾಗಿಲು ತೆಗೀರಿ.”

“ಅಮ್ಮಾ, ನೀವೇ ಹೇಳಿದ್ರಿ... ಮಾತು ಕೊಟ್ಟಿದ್ದೀನಿ...”

“ಮೊದಲು ತೆಗೀರಿ ಅಂದೆ.”

ಆರು ಮೊಳೆ ಕೀಳಲು ಹೊತ್ತಾಗುತ್ತದೆ ಎಂದು ಬಡಗಿ ಚೌಕಟ್ಟಿನ ಸಮೇತ ಬಾಗಿಲನ್ನೇ ಕಿತ್ತಿಟ್ಟ. ಹದಿನಾಲ್ಕು ಆತಂಕಗಳು ಪ್ರೇಕ್ಷಕರ ನಡುವೆ ಶೌಚಾಲಯದ ಕಡೆ ಓಡಿದವು. ಪಶ್ಚಾತ್ತಾಪ ಎಲ್ಲರಿಗಿಂತ ಮುಂದಿತ್ತು.

ಸಭಾಂಗಣ ನಗುತ್ತಿತ್ತು. ನಾನು ಟಿಪ್ಪಣಿ ಹಿಡಿದು ಆ ಹಿರಿಯರ ಮುಂದೆ ನಿಂತೆ. “ಅಮ್ಮ, ಕ್ಷಮಿಸಿ. ನಿಮ್ಮ ತಂದೆಯವರ ಬಡಿತದ ಅರ್ಥವನ್ನೇ ಇವರೆಲ್ಲ ಸೇರಿ ಕೆಡಿಸಿಬಿಟ್ಟರು” ಎಂದೆ.

ಅವರು ನಾಯಕನ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

“ಏನೂ ಕೆಟ್ಟಿಲ್ಲ. ಅಪ್ಪ ಹನ್ನೆರಡು ವರ್ಷ ಬಾಗಿಲು ಹಾಕ್ಕೊಂಡು ಇದನ್ನ ಬರೆದರು. ಹೊರಗಡೆ ಬಡೀತಿದ್ದವಳು ನಾನೇ. ನಮ್ಮನೇಲಿ ಬಚ್ಚಲಿಗೆ ಹೋಗೋ ದಾರಿ ಆ ಕೋಣೆಯಿಂದಲೇ ಇತ್ತು.”