ದ್ವೀಪಕ್ಕೆ ಹೊರಟ ಕಿವಿಗಳು

ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಕನ್ನಡಕದಂಗಡಿಯ ಯಜಮಾನರಿಗೆ ಎಂಟು ದಿನದ ರಜೆ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ಹೆಂಡತಿ ಕೊಡಿಸಿದರು ಎನ್ನಬೇಕು. ಆಕೆಯೇ ಟಿಕೆಟ್ ತೆಗೆಸಿ, ಅಂಗಡಿಯ ಬಾಗಿಲಿಗೆ "ಎಂಟು ದಿನ ಮುಚ್ಚಿದೆ, ಅಲ್ಲಿಯವರೆಗೆ ಹಳೆಯದರಲ್ಲೇ ನೋಡಿ" ಎಂದು ಬರೆದು ಅಂಟಿಸಿದ ಮೇಲೆ ಇವರಿಗೆ ಬೇರೆ ದಾರಿ ಉಳಿಯಲಿಲ್ಲ. ಹೋಗುವುದು ಒಂದು ದ್ವೀಪಕ್ಕೆ. ಸುತ್ತ ನೀಲಿ ಸಮುದ್ರ, ದಂಡೆಯುದ್ದಕ್ಕೂ ತೆಂಗಿನ ಮರ, ಮರದ ಕೆಳಗೆ ಬೆತ್ತದ ಕುರ್ಚಿ. ಪ್ರವಾಸದವರು ಕೊಟ್ಟ ಚಿತ್ರದಲ್ಲಿ ಅಂಥದೊಂದು ಕುರ್ಚಿಯ ಮೇಲೆ ಯಾವನೋ ಒಬ್ಬ ಪುಣ್ಯಾತ್ಮ ಸುಮ್ಮನೆ ಒರಗಿಕೊಂಡಿದ್ದ. ಯಜಮಾನರ ಕಣ್ಣು ಸಮುದ್ರವನ್ನೂ ಮರವನ್ನೂ ಬಿಟ್ಟು ಆ "ಸುಮ್ಮನೆ"ಯ ಮೇಲೆ ನೆಟ್ಟಿತು.

ಯಾಕೆಂದರೆ, ಯಜಮಾನರು ಮಿತಭಾಷಿಗಳು. (ಹಾಗೆಂದು ಅವರೇ ಹೇಳುತ್ತಾರೆ. ನಾವು ಈಗಲೇ ನಡುವೆ ಬಾಯಿ ಹಾಕುವುದು ಬೇಡ.) ಹೆಂಡತಿಗೆ ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೆಲಸ. ಎಕ್ಸ್‌ರೇ ಎಲ್ಲಿ, ಮೂಳೆ ಡಾಕ್ಟರು ಬಂದರೇ, ಲಿಫ್ಟು ಯಾಕೆ ನಿಂತಿದೆ ಎಂದು ಕೇಳಿಕೊಂಡು ಬಂದವರಿಗೆಲ್ಲ ಬೆಳಗಿನಿಂದ ಸಂಜೆಯವರೆಗೆ ಉತ್ತರ ಹೇಳಬೇಕು. ದಿನವಿಡೀ ಆಡಿ ಪಳಗಿದ ಬಾಯಿ ದ್ವೀಪಕ್ಕೆ ಹೋದ ಮಾತ್ರಕ್ಕೆ ಸುಮ್ಮನಾದೀತೇ ಎಂಬುದು ಯಜಮಾನರ ಭಯ. ಎಂಟು ದಿನ, ಒಂದೇ ಕೋಣೆ, ಎದ್ದು ಎಲ್ಲಿಗಾದರೂ ಹೋಗೋಣವೆಂದರೆ ಸುತ್ತಲೂ ನೀರು. ಎಂಟು ದಿನದ ನಿಶ್ಶಬ್ದವನ್ನು ಬಯಸಿದಷ್ಟು ಅವರು ಬದುಕಿನಲ್ಲಿ ಬೇರೆ ಯಾವುದನ್ನೂ ಬಯಸಿರಲಿಲ್ಲ.

ಆದ್ದರಿಂದ ಒಂದು ಕರ್ಣಕವಚ ಬೇಕಾಯಿತು. ಪೇಟೆಯ ಜನ ಅದಕ್ಕೆ ಹೆಡ್‌ಫೋನ್ ಎನ್ನುತ್ತಾರೆ.

"ವಿಮಾನದಲ್ಲಿ ಭಾರಿ ಸದ್ದಂತೆ ಕಣೇ," ಎಂದು ಮನೆಯಲ್ಲಿ ಪೀಠಿಕೆ ಹಾಕಿದರು.

"ಎರಡು ಗಂಟೆಯ ದಾರಿಗಾ?"

"ಎರಡೇ ಗಂಟೆ ಆದ್ರೇನು, ನಮ್ಮ ಕಿವಿ ನಾವೇ ನೋಡ್ಕೋಬೇಕಲ್ವಾ."

ಹೆಂಡತಿ ಮುಂದೆ ಕೇಳಲಿಲ್ಲ. ದಿನಕ್ಕೆ ಮುನ್ನೂರು ಪ್ರಶ್ನೆ ಕೇಳಿಸಿಕೊಳ್ಳುವವರು ತಾವಾಗಿ ಮುನ್ನೂರೊಂದನೆಯದನ್ನು ಹುಟ್ಟಿಸುವುದಿಲ್ಲ.

ಎದುರು ಸಾಲಿನ ಮೊಬೈಲ್ ಅಂಗಡಿಯವನು ಪರಿಚಯದವನು. "ಮನೆಗೆ ತಗೊಂಡ್ಹೋಗಿ ಹಾಕಿ ನೋಡಿ ಸಾರ್, ಒಗ್ಗಲಿಲ್ಲ ಅಂದ್ರೆ ವಾಪಸ್ ಕೊಡಿ," ಎಂದ. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಏಳು ವಾರ ಅದರ ಫಲ ಉಂಡ. ಒಂದು ತಂದರೆ ಇಕ್ಕಳದ ಹಾಗೆ ಹಿಡಿಯುತ್ತಿತ್ತು. ಇನ್ನೊಂದು ಮೆತ್ತಗಿತ್ತು, ಆದರೆ ಮಡಚಿದರೂ ಕುಕ್ಕರಿನಷ್ಟು ಜಾಗ ಕೇಳುತ್ತಿತ್ತು. ಕಿವಿಯೊಳಗೆ ತುರುಕುವ ಪುಟಾಣಿ ಜಾತಿಯದು ಸೀನಿದರೆ ಹೊರಗೆ ಹಾರುತ್ತಿತ್ತು. ಕೊನೆಕೊನೆಗೆ ಯಜಮಾನರು ರಸ್ತೆ ದಾಟುವುದು ಕಂಡರೆ ಮೊಬೈಲಿನವನು ಟೀ ಕುಡಿಯಲು ಎದ್ದು ಹೋಗುತ್ತಿದ್ದ.

ಇಲ್ಲಿ ಅವರ ಕಸುಬಿನ ಒಂದು ನಿಯಮವನ್ನು ಹೇಳಿಬಿಡಬೇಕು. ಫ್ರೇಮು ಕೂರಿಸುವವನು ಎದುರಿಗೆ ಕುಳಿತು, ಎರಡೂ ಕಡೆ ಸಮನಾಗಿದೆಯೇ ಎಂದು ನೋಡಬೇಕು. ತನ್ನ ಬೆನ್ನು ತನಗೆ ಕಾಣದು. ಕಿವಿಯ ಹಿಂಭಾಗದ ಕಥೆಯೂ ಅಷ್ಟೇ. ಹಾಗಾಗಿ ನೋಡಲು ಇನ್ನೊಂದು ತಲೆ ಬೇಕು. ಮನೆಯಲ್ಲಿದ್ದದ್ದು ಎರಡೇ ತಲೆ. ಸಂಜೆ ಹೆಂಡತಿ ಆಸ್ಪತ್ರೆಯಿಂದ ಬಂದು, ಕಾಲು ಚಾಚಿ ಹುರುಳಿಕಾಯಿಯ ನಾರು ಬಿಡಿಸಲು ಕೂತರೆ, ಇವರು ಮುಂದೆ ಕುಕ್ಕರಗಾಲಿನಲ್ಲಿ ಕೂತು ಆಕೆಯ ತಲೆಗೆ ಕವಚ ತೊಡಿಸುವರು.

"ಈಗ ಹೇಗಿದೆ? ಬಿಗಿಯಾ, ಸಡಿಲವಾ?"

"ಸರಿಯಾಗಿದೆ."

"ಸರಿ ಅಂದ್ರೆ? ನಿನ್ನೇದು ಸರಿಯಿತ್ತಾ, ಇವತ್ತಿಂದು ಸರಿಯಾ?"

"ಎರಡೂ ಸರಿ ಕಣ್ರೀ."

"ಎರಡೂ ಹೇಗೆ ಸರಿಯಾಗುತ್ತೆ? ಇನ್ನೊಂದ್ಸಲ ಹಾಕ್ತೀನಿ, ಗಮನ ಇಟ್ಟು ಹೇಳು. ಇದು... ಇಲ್ಲಾ ಇದು?"

ಇಪ್ಪತ್ತೈದು ವರ್ಷ ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತ ಕೇಳಿ ಕೇಳಿ ನಾಲಿಗೆಗೆ ಅಂಟಿದ ಮಾತು ಅದು. ಸಾರಿಗೆ ಉಪ್ಪು ಹಾಕಿದಾಗಲೂ ಹಾಗೇ ಕೇಳುತ್ತಿದ್ದರು.

ಹದಿನಾಲ್ಕನೆಯದು ಕೈಗೂಡಿತು. ಹಗುರ, ಮೆತ್ತನೆ, ಮಡಚಿದರೆ ಕನ್ನಡಕದ ಡಬ್ಬಿಯಷ್ಟು. ನೆತ್ತಿಯ ಮೇಲೆ ಕೂರುವ ಪಟ್ಟಿ ಮಾತ್ರ ಕೊಂಚ ಎಡಕ್ಕೆ ವಾಲುತ್ತಿತ್ತು. ಅದೇನು ದೊಡ್ಡ ವಿಷಯ? ಪ್ಲಾಸ್ಟಿಕ್ ಫ್ರೇಮನ್ನು ಬಿಸಿ ಮಾಡಿ ಬಗ್ಗಿಸುವುದರಲ್ಲಿ ಅವರದು ಎತ್ತಿದ ಕೈ. ಪಟ್ಟಿಯನ್ನು ಅಂಗಡಿಯ ಬಿಸಿಗಾಳಿ ಯಂತ್ರಕ್ಕೆ ಹಿಡಿದು, ಒತ್ತಿ, ತಣಿಸಿ, ಮತ್ತೆ ಹೆಂಡತಿಯ ತಲೆಗಿಟ್ಟು, ಬಲಗಿವಿ ಎಡಗಿವಿಗಿಂತ ಒಂದು ಎಳೆ ಮೇಲಿರುವುದನ್ನು ಕಂಡುಹಿಡಿದು, ಅದಕ್ಕೂ ಲೆಕ್ಕ ಹಿಡಿದು ಬಗ್ಗಿಸಿದರು. ಕೊನೆಯ ಸಲ ತೊಡಿಸಿದಾಗ ಹೆಂಡತಿ ಹುರುಳಿಕಾಯಿ ಕೈಯಲ್ಲಿ ಹಿಡಿದೇ ಕೂತಲ್ಲಿ ನಿದ್ದೆ ಹೋದರು. ಯಜಮಾನರಿಗೆ ತಮ್ಮ ಕಸುಬಿನ ಮೇಲೆ ತಮಗೇ ಗೌರವ ಉಕ್ಕಿತು. ಕೂರಿಸಿ ಮುಗಿಸಿದ ಮಾಲನ್ನು ಮತ್ತೆ ಮುಟ್ಟಬಾರದೆಂಬ ಇನ್ನೊಂದು ನಿಯಮದಂತೆ ಅದನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಗಿರಾಕಿ ಯಾರೆಂಬುದು ಮಾತ್ರ ಅವರಿಗೆ ಮರೆತೇಹೋಗಿತ್ತು.

ನೆನಪಾದದ್ದು ಆಕಾಶದಲ್ಲಿ. ವಿಮಾನ ಮೇಲೇರಿದ ಮೇಲೆ ಡಬ್ಬಿ ತೆರೆದು ಗಂಭೀರವಾಗಿ ತಲೆಗೇರಿಸಿದರು. ಕಿವಿ ಮುಚ್ಚಬೇಕಾದ ಒಂದು ಬಟ್ಟಲು ತಲೆಬುರುಡೆಯ ಮೇಲೆ ಕೂತಿತು, ಇನ್ನೊಂದು ಕೆನ್ನೆಯ ಮೇಲೆ. ಕೆಳಗೆಳೆದರೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಕೊರೆಯಿತು. ಮತ್ತೆ ಬಗ್ಗಿಸೋಣವೆಂದರೆ, ಒಮ್ಮೆ ಬಗ್ಗಿದ್ದನ್ನು ಎದುರು ದಿಕ್ಕಿಗೆ ಬಗ್ಗಿಸಿದರೆ ಬಿರುಕು ಬಿಡುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ವಿಮಾನದಲ್ಲಿ ಯಾರೂ ಇರಲಿಲ್ಲ.

"ಕೊಡಿ ಇಲ್ಲಿ," ಎಂದರು ಹೆಂಡತಿ. ಹಾಕಿಕೊಂಡರು. ಕಣ್ಣು ಮುಚ್ಚಿದರು. ಮುಖದ ಮೇಲೆ ಎಂಥದೋ ಶಾಂತಿ ಹರಡಿತು.

ದ್ವೀಪ ಚಿತ್ರದಲ್ಲಿದ್ದಂತೆಯೇ ಇತ್ತು. ಮೊದಲ ದಿನ ಹೆಂಡತಿ ಬೆತ್ತದ ಕುರ್ಚಿಯಲ್ಲಿ ಕಿವಿ ಮುಚ್ಚಿ ಒರಗಿದಾಗ ಯಜಮಾನರು ಒಳಗೊಳಗೇ ಕುಣಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕವಚ ಯಾರ ಕಿವಿಗಿದ್ದರೇನು, ಮಾತು ನಿಂತಿತಲ್ಲ! ಪಕ್ಕದ ಕುರ್ಚಿಯಲ್ಲಿ ಒರಗಿ ಆ ನಿಶ್ಶಬ್ದವನ್ನು ಅನುಭವಿಸಿದರು. ಸುಮಾರು ಇಪ್ಪತ್ತು ನಿಮಿಷ.

"ಆ ದೋಣಿ ಬರ್ತಿದೆಯಾ, ಹೋಗ್ತಿದೆಯಾ?" ಎಂದರು ಇಪ್ಪತ್ತೊಂದನೆಯ ನಿಮಿಷಕ್ಕೆ.

ಹೆಂಡತಿ ಕಾಲು ಚಾಚಿ ಇನ್ನಷ್ಟು ಒರಗಿದರು.

"ಊರಿಗಿಂತ ಇಲ್ಲಿ ಸೆಕೆ ಜಾಸ್ತಿ ಅಲ್ವಾ? ಅಥವಾ ಕಮ್ಮಿಯಾ?"

ಹೆಂಡತಿ ಸಮುದ್ರದ ಕಡೆ ನೋಡಿ ನಕ್ಕರು. ಆ ನಗು ಸಮುದ್ರಕ್ಕೆ ಸೇರಿದ್ದು.

ಎರಡನೆಯ ದಿನ ಯಜಮಾನರು ಹೋಟೆಲಿನ ಅಡುಗೆಯವನನ್ನು ಮೀನಿನ ಬಗ್ಗೆ, ಮಾಲಿಯನ್ನು ತೆಂಗಿನ ಬಗ್ಗೆ ವಿಚಾರಿಸಿದರು. ಇಬ್ಬರಿಗೂ ಇವರ ಭಾಷೆ ಬರುತ್ತಿರಲಿಲ್ಲ. ಅದರಿಂದ ಇವರಿಗೇನೂ ತೊಂದರೆಯಾಗಲಿಲ್ಲ. ಮೂರನೆಯ ದಿನ ಒಂದು ಏಡಿಯನ್ನು, ನೀನು ಹೀಗೆ ಅಡ್ಡಡ್ಡ ನಡೆಯುವುದು ಅಭ್ಯಾಸದಿಂದಲೋ ಹುಟ್ಟಿನಿಂದಲೋ ಎಂದು ಕೇಳಿದರು. ಏಡಿ ಬಿಲದೊಳಗೆ ಹೋಯಿತು. ಯಜಮಾನರಿಗೆ ಇದ್ದಕ್ಕಿದ್ದಂತೆ ಅಳು ಬರುವ ಹಾಗಾಯಿತು.

ನಾಲ್ಕನೆಯ ದಿನ ತಡೆಯಲಾರದೆ ಹೆಂಡತಿಯ ಭುಜ ಮುಟ್ಟಿದರು. ಆಕೆ ಒಂದು ಬಟ್ಟಲನ್ನು ಅರ್ಧ ಸರಿಸಿದರು.

"ಅಲ್ಲ ಕಣೇ, ನಾಲ್ಕು ದಿನದಿಂದ ಅಂಥಾ ಯಾವ ಹಾಡು ಕೇಳ್ತಿದೀಯ?"

"ಹಾಡಾ? ಯಾವುದೂ ಇಲ್ಲ. ಅದಕ್ಕೆ ಚಾರ್ಜೇ ಮಾಡಿಲ್ಲ."

"ಮತ್ತೆ?"

"ಯಾರೂ ಏನೂ ಕೇಳಲ್ಲ. ಅದನ್ನೇ ಕೇಳಿಸ್ಕೊಳ್ತಿದೀನಿ."

"ಯಾರು ಕೇಳ್ತಾರೆ ಇಲ್ಲಿ? ನಾನೊಬ್ಬನೇ ಇರೋದು. ನಾನೇನು ಮಾತಾಡ್ತೀನಾ?"

"ಮಾತಾಡಲ್ಲ ನೀವು," ಎಂದರು ಹೆಂಡತಿ, ಸಿಟ್ಟಿಲ್ಲದೆ. "ಪ್ರಶ್ನೆ ಕೇಳ್ತೀರಿ. ಅದನ್ನ ನೀವು ಮಾತಿನ ಲೆಕ್ಕಕ್ಕೇ ಹಿಡಿಯಲ್ಲ. ಅಲ್ಲಿ ಮುನ್ನೂರು ಜನ ತಲಾ ಒಂದು ಕೇಳ್ತಾರೆ. ಮನೆಗೆ ಬಂದ್ರೆ ನೀವೊಬ್ಬರೇ ಮುನ್ನೂರು."

ಯಜಮಾನರು ಬಾಯಿ ತೆರೆದರು. ಬಾಯಿಗೆ ಬಂದದ್ದು "ನಿಜವಾಗ್ಲೂನಾ?" ಎಂಬ ಪ್ರಶ್ನೆಯೇ ಆಗಿದ್ದರಿಂದ ಮತ್ತೆ ಮುಚ್ಚಿದರು. ಮನಸ್ಸಿಗೆ ನೋವಾಗಿತ್ತು. ನೋವಿಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು.

ಅವರ ಮುಖ ನೋಡಿ ಹೆಂಡತಿಗೆ ಕರುಳು ಚುರಕ್ಕೆಂದಿತು. "ಆಯ್ತು ಬಿಡಿ. ದಿನಾ ಸಂಜೆ ಐದರಿಂದ ಐದೂವರೆ ತೆಗೆದಿಡ್ತೀನಿ. ಏನಿದ್ರೂ ಆಗ," ಎಂದು ಬಟ್ಟಲನ್ನು ಸ್ವಸ್ಥಾನಕ್ಕೆ ಸರಿಸಿದರು.

ಮರುದಿನ ಯಜಮಾನರು ಮಧ್ಯಾಹ್ನವೆಲ್ಲ ದಂಡೆಯ ಮೇಲೆ ಅಡ್ಡಾಡುತ್ತ ಪ್ರಶ್ನೆಗಳನ್ನು ಆರಿಸಿದರು. ಇದನ್ನು ಕೇಳಲೇ, ಅದನ್ನು ಕೇಳಲೇ ಎಂದು ತಮ್ಮನ್ನೇ ಕೇಳಿಕೊಂಡು ಮೂವತ್ತೆರಡರಲ್ಲಿ ಹನ್ನೊಂದನ್ನು ಉಳಿಸಿಕೊಂಡರು. ನಾಲ್ಕೂ ನಲವತ್ತಕ್ಕೇ ಸ್ನಾನ ಮಾಡಿ, ತಲೆ ಬಾಚಿ, ಕುರ್ಚಿಯ ಬಳಿ ಬಂದು ನಿಂತರು. ಸರಿಯಾಗಿ ಐದಕ್ಕೆ ಹೆಂಡತಿ ಕವಚ ತೆಗೆದು ಮಡಿಲಲ್ಲಿಟ್ಟುಕೊಂಡರು. ಗಾಳಿಗೆ ಹಾರುತ್ತಿದ್ದ ಕೂದಲನ್ನು ಹಿಂದೆ ಸರಿಸಿ, ಎಷ್ಟೋ ವರ್ಷಗಳಿಂದ ಕಾಣದಿದ್ದ ಸಮಾಧಾನದ ಮುಖದಲ್ಲಿ, "ಹೇಳಿ," ಎಂದರು.

ಆ ಮುಖ ಕಂಡು ಯಜಮಾನರ ಮನಸ್ಸು ಕರಗಿಹೋಯಿತು. ಪಾಪ, ಇಷ್ಟು ವರ್ಷ ನಾನೇ ಕೇಳಿದ್ದಾಯಿತು, ಇವತ್ತಾದರೂ ಇವಳ ಮಾತು ಕೇಳಿಸಿಕೊಳ್ಳೋಣ ಎನ್ನಿಸಿತು. ಹನ್ನೊಂದನ್ನೂ ಸಮುದ್ರಕ್ಕೆ ಬಿಟ್ಟು, ಎದುರಿಗೆ ಕೂತು, ಮೆತ್ತಗೆ ಹೇಳಿದರು:

"ಇವತ್ತು ನಾನೇನೂ ಕೇಳಲ್ಲ. ನೀನೇ ಏನಾದ್ರೂ ಹೇಳು."

ಹೆಂಡತಿ ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿಯೇ ಯೋಚಿಸಿದರು. ನೀರಿನ ಕಡೆ ನೋಡಿದರು, ಗಂಡನ ಕಡೆ ನೋಡಿದರು.

"ನಂಗೇನೂ ಇಲ್ಲಪ್ಪ ಹೇಳೋಕೆ," ಎಂದು ಕವಚವನ್ನು ಎತ್ತಿ ಕಿವಿಗೇರಿಸಿಕೊಂಡರು.

ಗಂಟೆ ಐದು ದಾಟಿ ಎರಡು ನಿಮಿಷವಾಗಿತ್ತು.